ಹೆಸರಿಡುವ ಮೊದಲು ನೋಡಿ: ನಾಯಿಯ ಭಾವನೆ ಗುರುತಿಸುವ ಕ್ರಮ

ನಾಯಿಗೆ ಭಾವನೆಗಳಿವೆಯೇ ಎಂಬ ಪ್ರಶ್ನೆಯ ಮೇಲೆ ಈಗ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ಭಯ, ಸಿಟ್ಟು, ಆಟದ ಹುರುಪು, ಅಗಲಿಕೆಯ ಸಂಕಟ, ಮರಿಯ ಮೇಲಿನ ಅಕ್ಕರೆ ಇವನ್ನೆಲ್ಲ ಹುಟ್ಟಿಸುವ ಮಿದುಳಿನ ಆಳದ ಭಾಗಗಳು ಸಸ್ತನಿಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯವು. ನರವಿಜ್ಞಾನಿ ಯಾಕ್ ಪಾಂಕ್ಸೆಪ್ ಇಲಿಗಳಿಗೆ ಕಚಗುಳಿ ಇಟ್ಟಾಗ ಅವು ನಮ್ಮ ಕಿವಿಗೆ ಕೇಳಿಸದ, ಸುಮಾರು 50 ಕಿಲೋಹರ್ಟ್ಸ್‌ನ ಚಿಲಿಪಿಲಿ ಹೊರಡಿಸಿದವು; ಇನ್ನಷ್ಟು ಬೇಕೆಂದು ಕೈಯ ಹಿಂದೆಯೇ ಓಡಿಬಂದವು. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ತಂಡ ನಾಯಿಗಳಿಗೆ ಅರಿವಳಿಕೆ ಕೊಡದೆ, ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗುವ ತರಬೇತಿ ಕೊಟ್ಟಿತು. ಪರಿಚಿತ ಮನುಷ್ಯರ ವಾಸನೆ ತೋರಿಸಿದಾಗ, ಒಳ್ಳೆಯದನ್ನು ನಿರೀಕ್ಷಿಸುವಾಗ ಚುರುಕಾಗುವ ಮಿದುಳಿನ ಭಾಗವೇ ಅಲ್ಲಿ ಚುರುಕಾಯಿತು.

ಉಳಿಯುವುದು ಹೆಚ್ಚು ಕಷ್ಟದ ಪ್ರಶ್ನೆ: ಎದುರಿಗಿರುವ ಈ ನಾಯಿಗೆ, ಈ ಗಳಿಗೆಯಲ್ಲಿ, ಏನನ್ನಿಸುತ್ತಿದೆ? ಎಡವುವುದು ಇಲ್ಲೇ. ‘ಅದಕ್ಕೇನು ಗೊತ್ತಾಗುತ್ತೆ’ ಎಂದು ತಳ್ಳಿಹಾಕುವವರು ಒಂದು ಕಡೆ. ನೋಡಿದ ಕೂಡಲೇ ‘ನಾಚಿಕೆ’, ‘ಹಗೆ’, ‘ಪಶ್ಚಾತ್ತಾಪ’ ಎಂದು ಹೆಸರಿಟ್ಟುಬಿಡುವವರು ಇನ್ನೊಂದು ಕಡೆ. ಮನೆಯೊಳಗೆ ಹೆಚ್ಚು ಹಾನಿ ಮಾಡುವವರು ಎರಡನೆಯವರು. ತಪ್ಪು ಹೆಸರು ಬಿದ್ದಮೇಲೆ ತಪ್ಪು ಶಿಕ್ಷೆಯೋ ತಪ್ಪು ಮುದ್ದೋ ಹಿಂದೆಯೇ ಬರುತ್ತದೆ.

ಮೊದಲು ನೋವಿಲ್ಲವೆಂದು ಖಚಿತಪಡಿಸಿಕೊಳ್ಳಿ

ನಡವಳಿಕೆ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಭಾವನೆಯ ವಿಚಾರ ಆಮೇಲೆ, ಪಶುವೈದ್ಯರ ತಪಾಸಣೆ ಮೊದಲು. ಹಿಂದೆ ಇರದಿದ್ದ ಗುರುಗುಟ್ಟುವಿಕೆ, ಸೋಫಾ ಹತ್ತಲು ಹಿಂಜರಿಕೆ, ರಾತ್ರಿ ಏದುಸಿರು ಬಿಡುತ್ತ ಜಾಗ ಬದಲಿಸುವುದು, ಒಂದೇ ಕಾಲನ್ನು ನೆಕ್ಕುತ್ತಿರುವುದು, ಮುಟ್ಟಿದಾಗ ಬೆನ್ನಿನ ಚರ್ಮ ಅದುರುವುದು ಇವೆಲ್ಲ ‘ಮುನಿಸು’ ಎಂದು ತಿಂಗಳುಗಟ್ಟಲೆ ಕಡೆಗಣನೆಗೆ ಒಳಗಾಗುವ ನೋವಿನ ಗುರುತುಗಳು. ನಾಯಿ ಗಾಢವಾಗಿ ಮಲಗಿದ್ದಾಗ ಉಸಿರು ಎಣಿಸುವುದನ್ನು ರೂಢಿಸಿಕೊಳ್ಳಿ: ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು, 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಆರೋಗ್ಯವಂತ ನಾಯಿಯಲ್ಲಿ ಇದು ಸಾಮಾನ್ಯವಾಗಿ ನಿಮಿಷಕ್ಕೆ 30ರ ಒಳಗಿರುತ್ತದೆ. ನಿದ್ದೆಯಲ್ಲೂ ಮತ್ತೆ ಮತ್ತೆ ಅದಕ್ಕಿಂತ ಹೆಚ್ಚಿದ್ದರೆ ಅದು ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇರಬಹುದು. ಆತಂಕ ಎಂದುಕೊಂಡು ಸುಮ್ಮನಿರಬೇಡಿ.

ಒಂದು ವಾರ: ಈ ನಾಯಿ ಹೇಗಿರುತ್ತದೆ?

ಹಸ್ಕಿಯ ಬಾಲ ಸುರುಳಿಯಾಗಿ ಬೆನ್ನ ಮೇಲಿರುವುದು ಅದರ ಸಹಜ ಸ್ಥಿತಿ. ಗ್ರೇಹೌಂಡ್‌ನ ಬಾಲ ಹಿಂಗಾಲುಗಳ ನಡುವೆ ಇಳಿಬಿದ್ದಿರುವುದೂ ಸಹಜವೇ. ಪಗ್‌ನ ಕಣ್ಣು ಯಾವಾಗಲೂ ಅಗಲ, ಮೂತಿ ಯಾವಾಗಲೂ ಸುಕ್ಕು, ಉಸಿರು ಯಾವಾಗಲೂ ಸದ್ದು. ಜೋತುಬಿದ್ದ ಕಿವಿಯ ನಾಯಿಯಲ್ಲಿ ಕಿವಿಯ ತುದಿ ನೋಡಿ ಪ್ರಯೋಜನವಿಲ್ಲ, ಬುಡ ನೋಡಬೇಕು. ಆದ್ದರಿಂದ ಚಿತ್ರಪಟದಲ್ಲಿರುವ ‘ಸಂತೋಷದ ನಾಯಿ’ಗೆ ನಿಮ್ಮ ನಾಯಿಯನ್ನು ಹೋಲಿಸಬೇಡಿ. ಅದನ್ನು ಅದಕ್ಕೇ ಹೋಲಿಸಿ.

ಏಳು ದಿನ, ದಿನಕ್ಕೆ ಮೂರು ಸಲ, ಫೋನಿನಲ್ಲಿ 30 ಸೆಕೆಂಡಿನ ವಿಡಿಯೋ ತೆಗೆಯಿರಿ: ಏನೂ ನಡೆಯದೆ ಆರಾಮವಾಗಿರುವಾಗ ಒಂದು, ಊಟಕ್ಕೆ ಮೊದಲು ಒಂದು, ಹೊರಗೆ ಸುತ್ತಾಡಿ ಬಂದಮೇಲೆ ಒಂದು. ಫೋನ್ ನಾಯಿಯ ಎದೆಯ ಎತ್ತರದಲ್ಲಿರಲಿ. ಮೇಲಿನಿಂದ ತೆಗೆದರೆ ಬಾಯಿಯ ಮೂಲೆಯೂ ಮೈಭಾರವೂ ಕಾಣುವುದಿಲ್ಲ. ಜೊತೆಗೆ, ತನ್ನ ಮೇಲೆ ಬಾಗಿದವರನ್ನು ಕಂಡು ನಾಯಿಯ ಮೈಯೇ ಬದಲಾಗುತ್ತದೆ. ಫೋನನ್ನು ಗೋಡೆಗೋ ಕುರ್ಚಿ ಕಾಲಿಗೋ ಒರಗಿಸಿ ದೂರ ಹೋಗುವುದು ಉತ್ತಮ.

ನೋಡುವಾಗ ಮೊದಲ ಸಲ ಧ್ವನಿ ಬಂದ್ ಮಾಡಿ. ಬೊಗಳು, ಕುಂಯ್‌ಗುಡುವಿಕೆ ಕಿವಿಗೆ ಬಿದ್ದರೆ ಮಿಕ್ಕಿದ್ದನ್ನು ನೋಡುವ ಮೊದಲೇ ತೀರ್ಪು ಸಿದ್ಧವಾಗಿಬಿಡುತ್ತದೆ. ಎರಡನೆಯ ಸಲ ಕಾಲು ಭಾಗದ ವೇಗದಲ್ಲಿ ನೋಡಿ. ತುಟಿ ನೆಕ್ಕುವುದು, ಕಣ್ಣು ತಪ್ಪಿಸುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿದುಹೋಗುವ ಕೆಲಸಗಳು, ಮಾಮೂಲಿ ವೇಗದಲ್ಲಿ ಸಿಗುವುದೇ ಇಲ್ಲ. ಪುಸ್ತಕದಲ್ಲಿ ಕ್ರಿಯಾಪದಗಳನ್ನು ಮಾತ್ರ ಬರೆಯಿರಿ: ‘ತಲೆ ತಿರುಗಿಸಿತು’, ‘ಬಾಯಿ ಮುಚ್ಚಿತು’, ‘ಮುಂಗಾಲು ಎತ್ತಿತು’. ‘ಹೆದರಿತು’ ಎಂದು ಬರೆದ ಸಾಲನ್ನು ಹೊಡೆದುಹಾಕಿ ಮತ್ತೆ ನೋಡಿ.

ಎರಡು ಪ್ರಶ್ನೆ, ಇಡೀ ಮೈ

ಭಾವನೆಗೆ ಹೆಸರು ಹುಡುಕುವ ಬದಲು ಎರಡೇ ಪ್ರಶ್ನೆ ಕೇಳಿ. ಮೈಯಲ್ಲಿ ಎಷ್ಟು ಕಾವು (ಉದ್ರೇಕ) ಏರಿದೆ? ನಾಯಿ ಇದನ್ನು ಬಯಸುತ್ತಿದೆಯೋ, ಇದರಿಂದ ತಪ್ಪಿಸಿಕೊಳ್ಳಲು ನೋಡುತ್ತಿದೆಯೋ? ಕಾವು ಏರಿ, ಬಯಸುತ್ತಿದ್ದರೆ ಅದು ಆಟ, ನಿರೀಕ್ಷೆ. ಕಾವು ಏರಿ, ತಪ್ಪಿಸಿಕೊಳ್ಳುತ್ತಿದ್ದರೆ ಭಯ ಅಥವಾ ಸಿಟ್ಟು. ಕಾವು ಇಳಿದು, ಮೈ ಸಡಿಲವಾಗಿದ್ದರೆ ನೆಮ್ಮದಿ. ನಾಲ್ಕನೆಯದನ್ನು ಬಹಳಷ್ಟು ಜನ ನೋಡುವುದೇ ಇಲ್ಲ: ಅಲುಗಾಡದೆ, ಸದ್ದಿಲ್ಲದೆ, ಒಳಗೇ ಮುದುಡಿಕೊಂಡಿರುವ ನಾಯಿ. ಕ್ಲಿನಿಕ್ಕಿನ ಮೇಜಿನ ಮೇಲೆ ಕಲ್ಲಿನಂತೆ ನಿಂತಿದ್ದನ್ನು ‘ಎಷ್ಟು ಒಳ್ಳೆಯ ನಾಯಿ’ ಎಂದು ಹೊಗಳುವುದುಂಟು. ಬಾಯಿ ಬಿಗಿದು ಮುಚ್ಚಿದೆ, ಕಣ್ಣ ಪಾಪೆ ಹಿಗ್ಗಿದೆ, ಮೇಜಿನ ಮೇಲೆ ಪಾದದ ಬೆವರಿನ ಒದ್ದೆ ಗುರುತಿದೆ ಎಂದಾದರೆ ಅದು ಭಯದಿಂದ ಮರಗಟ್ಟಿದ ನಾಯಿ.

ಮೈಯನ್ನು ನೋಡುವಾಗ ಭಾರ ಯಾವ ಕಾಲಿನ ಮೇಲಿದೆ ಎಂಬುದರಿಂದ ಶುರುಮಾಡಿ, ಬಾಲದಿಂದ ಬೇಡ. ಮುಂದಕ್ಕೆ ವಾಲಿದ ಮೈ, ಹಿಂದಕ್ಕೆ ಎಳೆದುಕೊಂಡ ಮೈ, ಎರಡೂ ಇಲ್ಲದೆ ನಾಲ್ಕು ಕಾಲಿನ ಮೇಲೂ ಸಮವಾಗಿ ಸಡಿಲವಾಗಿ ನಿಂತ ಮೈ: ಅರ್ಧ ಕಥೆ ಇಲ್ಲೇ ಮುಗಿಯುತ್ತದೆ. ಆಮೇಲೆ ಬಾಯಿ. ಸಡಿಲವಾಗಿ ತೆರೆದು ನಾಲಿಗೆ ಜೋತಿರುವ ಬಾಯಿಗೂ, ಮೂಲೆಗಳು ಕಿವಿಯ ಕಡೆಗೆ ಬಿಗಿಯಾಗಿ ಎಳೆದು ಕೆನ್ನೆಯಲ್ಲಿ ಗೆರೆ ಮೂಡಿಸಿ ಏದುಸಿರು ಬಿಡುವ ಬಾಯಿಗೂ ವ್ಯತ್ಯಾಸ ದೊಡ್ಡದು. ಫೋಟೋಗಳಲ್ಲಿ ‘ನಗು’ ಎಂದು ಕರೆಸಿಕೊಳ್ಳುವುದು ಅನೇಕ ಸಲ ಈ ಎರಡನೆಯದೇ. ತೆರೆದಿದ್ದ ಬಾಯಿ ಥಟ್ಟನೆ ಮುಚ್ಚಿದ ಕ್ಷಣವನ್ನಂತೂ ಬಿಡಬೇಡಿ, ಅಲ್ಲೇ ಏನೋ ಬದಲಾಗಿದೆ. ಕಣ್ಣಿನಲ್ಲಿ, ತಲೆ ಒಂದು ಕಡೆ, ನೋಟ ಇನ್ನೊಂದು ಕಡೆ ಇದ್ದು ಬಿಳಿಯ ಭಾಗ ಅರ್ಧಚಂದ್ರದಂತೆ ಕಂಡರೆ ನಾಯಿ ಇಕ್ಕಟ್ಟಿನಲ್ಲಿದೆ.

ಬಾಲದ ವಿಚಾರದಲ್ಲಿ ಮೂರು ಅಳತೆ: ಸಹಜ ಎತ್ತರಕ್ಕಿಂತ ಮೇಲೋ ಕೆಳಗೋ, ಬಿಗಿಯೋ ಸಡಿಲವೋ, ಬೀಸು ಅಗಲವೋ ಕಿರಿದೋ. ಸೊಂಟವನ್ನೂ ಕುಣಿಸುವ ಅಗಲ ಬೀಸು ಸ್ವಾಗತ. ಎತ್ತರದಲ್ಲಿ ಬಿಗಿಯಾಗಿ ನಿಂತು ತುದಿ ಮಾತ್ರ ಕಂಪಿಸುವ ಬಾಲ ಕಚ್ಚುವ ಮುನ್ನವೂ ಕಾಣಿಸುತ್ತದೆ. ‘ಬಾಲ ಅಲ್ಲಾಡಿಸುತ್ತಿತ್ತು, ಆದರೂ ಕಚ್ಚಿತು’ ಎಂಬ ದೂರಿನ ಹಿಂದಿರುವುದು ಈ ಬಾಲ. ಇಟಲಿಯ ಸಂಶೋಧಕರು 2007ರಲ್ಲಿ, ಒಡೆಯರನ್ನು ಕಂಡಾಗ ಬೀಸು ನಾಯಿಯ ಬಲಕ್ಕೂ, ಮೇಲುಗೈ ತೋರುವ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೂ ಹೆಚ್ಚು ವಾಲುತ್ತದೆ ಎಂದು ಅಳೆದು ತೋರಿಸಿದರು. ಸೊಗಸಾದ ಸಂಗತಿ, ಆದರೆ ಬರಿಗಣ್ಣಿನಲ್ಲಿ ಅದನ್ನು ಹಿಡಿಯಲು ಹೋಗಬೇಡಿ. ಎದುರಿಗೆ ನಿಂತವರಿಗೆ ಎಡಬಲವೇ ಅದಲುಬದಲಾಗುತ್ತದೆ. ಬೆನ್ನ ಕೂದಲು ನಿಮಿರುವುದು ಕಾವು ಏರಿದ್ದನ್ನು ಮಾತ್ರ ಹೇಳುತ್ತದೆ. ಆಟದಲ್ಲೂ ನಿಮಿರುತ್ತದೆ.

ಆಕಳಿಕೆ, ತುಟಿ ನೆಕ್ಕುವುದು, ಮೈ ಕೊಡವುವುದು, ನೆಲ ಮೂಸುವುದು, ಕೆರೆದುಕೊಳ್ಳುವುದು ಇವು ಒತ್ತಡದ ಗುರುತುಗಳಾಗುವುದು ಅಲ್ಲಿ ಅವಕ್ಕೆ ಬೇರೆ ಕಾರಣ ಇಲ್ಲದಾಗ. ಈಗತಾನೆ ಎದ್ದ ನಾಯಿಯ ಆಕಳಿಕೆ ನಿದ್ದೆಯದು. ಮಗು ಹತ್ತಿರ ಬಂದಾಗ ಮೂರು ಸಲ ಆಕಳಿಸಿದರೆ ನಿದ್ದೆಯದಲ್ಲ. ನಮ್ಮ ನಿಯಮ ಸರಳ: ಒಂದೇ ಗುರುತಿನ ಮೇಲೆ ತೀರ್ಮಾನವಿಲ್ಲ. ಮೈಯ ಬೇರೆ ಬೇರೆ ಭಾಗಗಳಿಂದ ಕನಿಷ್ಠ ಮೂರು ಗುರುತುಗಳು ಒಂದೇ ದಿಕ್ಕು ತೋರಿಸಬೇಕು.

ಊಹೆಯನ್ನು ಪರೀಕ್ಷಿಸಿ

ನೋಡಿ ಊಹಿಸಿದ್ದು ಸರಿಯೇ ಎಂದು ತಿಳಿಯಲು ಒಂದು ಸಂಗತಿ ಮಾತ್ರ ಬದಲಿಸಿ, ಮೈ ಹೇಗೆ ಬದಲಾಗುತ್ತದೆ ನೋಡಿ.

ಮುದ್ದಿನ ಪರೀಕ್ಷೆ ಎಲ್ಲಕ್ಕಿಂತ ಸುಲಭ. ನಾಯಿಯೇ ಹತ್ತಿರ ಬರಲಿ. ಎದೆಯನ್ನೋ ಕತ್ತಿನ ಪಕ್ಕವನ್ನೋ ಮೂರು ಸೆಕೆಂಡ್ ಕೆರೆಯಿರಿ, ನಿಲ್ಲಿಸಿ, ಕೈಯನ್ನು ನಿಮ್ಮ ಮಡಿಲಿಗೆ ತಂದುಕೊಂಡು ಐದು ಸೆಕೆಂಡ್ ಕಾಯಿರಿ. ಮೂತಿಯಿಂದ ಕೈ ತಿವಿದರೆ, ಮೈ ಒರಗಿಸಿದರೆ, ಕಾಲು ಹಾಕಿ ಎಳೆದರೆ ಮುಂದುವರಿಸಿ. ತಲೆ ತಿರುಗಿಸಿದರೆ, ತುಟಿ ನೆಕ್ಕಿದರೆ, ಮೈ ಕೊಡವಿ ಹೊರಟರೆ ಬೇಡವೆಂದೇ ಅರ್ಥ. ಸುಮ್ಮನೆ ನಿಂತಿದ್ದನ್ನು ‘ಬೇಕು’ ಎಂಬ ಕಡೆಗೆ ಸೇರಿಸಬೇಡಿ. ತಲೆಯ ಮೇಲಿನಿಂದ ಕೈ ತಂದರೆ ಪರೀಕ್ಷೆ ಶುರುವಾಗುವ ಮೊದಲೇ ಕೆಡುತ್ತದೆ.

ಹೊಟ್ಟೆ ತೋರಿಸಿ ಮಲಗಿದ ನಾಯಿಯಲ್ಲಿ ಈ ಪರೀಕ್ಷೆ ತುಂಬಾ ಮುಖ್ಯ. ಮೈ ವಾರೆಯಾಗಿ ಬಳುಕಿ, ಬಾಯಿ ತೆರೆದು, ಕಾಲು ಸಡಿಲವಾಗಿ ಬಿದ್ದಿದ್ದರೆ ಅದು ಕೆರೆಯಲು ಕರೆ. ಬಾಲ ಹೊಟ್ಟೆಗೆ ಅಂಟಿ, ಬಾಯಿ ಮುಚ್ಚಿ, ಕಾಲು ಬಿಗಿದಿದ್ದರೆ ‘ನನ್ನನ್ನು ಬಿಟ್ಟುಬಿಡು’ ಎಂಬ ಕೋರಿಕೆ. ಆಗ ಹೊಟ್ಟೆಗೆ ಕೈ ಹಾಕಿದವರು ಕಚ್ಚಿಸಿಕೊಳ್ಳುತ್ತಾರೆ.

ಭಯಕ್ಕೆ ದೂರದ ಪರೀಕ್ಷೆ. ಏನನ್ನೋ ಕಂಡು ಬೊಗಳುವ ನಾಯಿಯನ್ನು ಸರಪಳಿ ಬಿಗಿಯದೆ ಹತ್ತು ಹೆಜ್ಜೆ ಹಿಂದಕ್ಕೆ ಕರೆದೊಯ್ಯಿರಿ. ಬಾಯಿ ಸಡಿಲವಾಗಿ, ಕಿವಿಯ ಬುಡ ಇಳಿದು, ನಿಮ್ಮ ಕಡೆ ತಿರುಗಿ ನೋಡಿದರೆ ಅದಕ್ಕೆ ಬೇಕಿದ್ದದ್ದು ಅಂತರ. ದೂರ ಹೋದಷ್ಟೂ ಎಳೆದಾಟ, ಕುಂಯ್‌ಗುಡುವುದು ಹೆಚ್ಚಿದರೆ ಅದು ಹತ್ತಿರ ಹೋಗಲಾಗದ ಹತಾಶೆಯಾಗಿರಬಹುದು. ಬೊಗಳು ಎರಡರಲ್ಲೂ ಒಂದೇ ತೆರನಾಗಿ ಕೇಳಿಸುತ್ತದೆ, ಪರಿಹಾರ ಮಾತ್ರ ಬೇರೆ ಬೇರೆ. ಮನೆಯಲ್ಲಿ ಮುಗಿಬಿದ್ದು ತಿನ್ನುವ ತಿಂಡಿಯನ್ನು ಹೊರಗೆ ಮೂಸಿಯೂ ನೋಡದಿದ್ದರೆ ನಾಯಿ ತನ್ನ ಮಿತಿ ದಾಟಿದೆ. ಬೆರಳಿಗೆ ಹಲ್ಲು ತಾಗುವಂತೆ ಕಸಿದು ತಿಂದರೂ ಕಾವು ಏರಿದೆ ಎಂದೇ ಲೆಕ್ಕ. ತಿಂದಿತೆಂದ ಮಾತ್ರಕ್ಕೆ ಭಯವಿಲ್ಲ ಎಂದಾಗುವುದಿಲ್ಲ.

ಎರಡು ನಾಯಿಗಳು ಆಡುತ್ತಿವೆಯೋ ಜಗಳಕ್ಕೆ ಬಿದ್ದಿವೆಯೋ ಎಂಬ ಅನುಮಾನ ಬಂದರೆ, ಅಟ್ಟಿಸಿಕೊಂಡು ಹೋಗುತ್ತಿರುವುದನ್ನು ಮೆಲ್ಲನೆ ಹಿಡಿದು ನಿಲ್ಲಿಸಿ. ಓಡುತ್ತಿದ್ದದ್ದು ತಿರುಗಿ ಬಂದು ಮುಂಗಾಲು ಚಾಚಿ ಹಿಂಭಾಗ ಎತ್ತಿ ಕೆಣಕಿದರೆ ಆಟ. ಸಿಕ್ಕಿದ ಅವಕಾಶದಲ್ಲಿ ಮೂಲೆ ಹಿಡಿದರೆ ಅಲ್ಲಿಗೆ ನಿಲ್ಲಿಸಿ.

ಗುರುಗುಟ್ಟುವಿಕೆಯನ್ನು ಗದರಿಸಿ ಅಡಗಿಸಬೇಡಿ. ಸಾಮಾನ್ಯವಾಗಿ ನಾಯಿ ಮೊದಲು ಕಣ್ಣು ತಪ್ಪಿಸುತ್ತದೆ, ತುಟಿ ನೆಕ್ಕುತ್ತದೆ, ತಲೆ ತಿರುಗಿಸುತ್ತದೆ, ಮೈ ತಿರುಗಿಸುತ್ತದೆ, ದೂರ ಹೋಗುತ್ತದೆ, ಮೈ ಕುಗ್ಗಿಸುತ್ತದೆ, ಮರಗಟ್ಟಿ ದುರುಗುಟ್ಟುತ್ತದೆ. ಇಷ್ಟಾದಮೇಲೆ ಗುರುಗುಟ್ಟುತ್ತದೆ, ಗಾಳಿಯಲ್ಲಿ ಬಾಯಿ ಹಾಕುತ್ತದೆ, ಕಡೆಗೆ ಕಚ್ಚುತ್ತದೆ. ನಡುವಿನ ಮೆಟ್ಟಿಲಿಗೆ ಶಿಕ್ಷೆ ಕೊಟ್ಟರೆ ಭಯ ಉಳಿಯುತ್ತದೆ, ಎಚ್ಚರಿಕೆ ಅಳಿಯುತ್ತದೆ. ‘ಏನೂ ಸೂಚನೆ ಕೊಡದೆ ಕಚ್ಚಿತು’ ಎನ್ನುವ ನಾಯಿಗಳಲ್ಲಿ ಹಲವು ಹೀಗೆ ತಯಾರಾದವು.

ಹೆದರಿದ ನಾಯಿಯನ್ನು ಸಂತೈಸಿದರೆ ಭಯ ಹೆಚ್ಚುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಕಲಿತ ವರಸೆಗೆ ಬಹುಮಾನ ಕೊಟ್ಟರೆ ವರಸೆ ಬಲಿಯುತ್ತದೆ ನಿಜ, ಭಯ ವರಸೆಯಲ್ಲ. ಪಕ್ಕದಲ್ಲಿ ಸುಮ್ಮನೆ ಕೂರಿ, ಬಂದರೆ ಒರಗಲು ಬಿಡಿ, ಅಡಗಿಕೊಂಡಿದ್ದರೆ ಎಳೆದು ತರಬೇಡಿ.

‘ತಪ್ಪು ಮಾಡಿದ ಮುಖ’

ಚಿಂದಿಯಾದ ದಿಂಬು, ತಗ್ಗಿದ ತಲೆ, ಓರೆನೋಟ, ನೆಲಕ್ಕೆ ಒತ್ತಿದ ಮೈ. ಇದಕ್ಕಿಂತ ಹೆಚ್ಚು ಪುರಾವೆ ಬೇಕೇ ಎನ್ನಿಸುತ್ತದೆ. ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14 ನಾಯಿಗಳಿದ್ದವು. ಒಡೆಯರು ತಿಂಡಿ ಮುಟ್ಟಬೇಡ ಎಂದು ಹೇಳಿ ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಮರಳಿದಾಗ ನಾಯಿ ತಿಂದಿದೆಯೋ ಇಲ್ಲವೋ ಎಂಬುದನ್ನು ಕೆಲವೊಮ್ಮೆ ನಿಜವಾಗಿ, ಕೆಲವೊಮ್ಮೆ ಸುಳ್ಳಾಗಿ ಅವರಿಗೆ ಹೇಳಲಾಗುತ್ತಿತ್ತು. ‘ತಪ್ಪಿತಸ್ಥ’ ಮುಖ ಬಂದದ್ದು ತಿಂದಾಗ ಅಲ್ಲ, ಬೈದಾಗ. ತಿನ್ನದೆಯೂ ಬೈಸಿಕೊಂಡ ನಾಯಿಗಳಲ್ಲೇ ಅದು ಹೆಚ್ಚು ಎದ್ದುಕಂಡಿತು.

ನಾಯಿಗೆ ಪಶ್ಚಾತ್ತಾಪವೆಂಬುದೇ ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಆ ಮುಖ ಅದಕ್ಕೆ ಸಾಕ್ಷಿಯಲ್ಲ ಎಂದಷ್ಟೇ. ಆ ಮೈಯ ಗುರುತುಗಳನ್ನು ಕ್ರಿಯಾಪದಗಳಲ್ಲಿ ಬರೆದು ನೋಡಿ, ಎಲ್ಲವೂ ಭಯದ ಪಟ್ಟಿಯವೇ. ‘ನಾನು ಬೈಯುವ ಮೊದಲೇ ಮುಖ ಹಾಗಿತ್ತು’ ಎನ್ನುವವರಿದ್ದಾರೆ. ನೆಲದ ಮೇಲೆ ಚೂರುಗಳಿದ್ದು ಮನುಷ್ಯ ಒಳಗೆ ಬಂದರೆ ಬೈಗುಳ ಬೀಳುತ್ತದೆ ಎಂಬಷ್ಟನ್ನು ನಾಯಿ ಬೇಗ ಕಲಿಯುತ್ತದೆ. ಬಾಗಿಲಲ್ಲಿ ನಿಂತ ನಿಮ್ಮ ಭುಜ, ಉಸಿರು, ದನಿಯೂ ಆಗಲೇ ಬದಲಾಗಿರುತ್ತವೆ. ನಾಯಿಗಳು ಮನುಷ್ಯರ ಮುಖವನ್ನೂ ದನಿಯನ್ನೂ ಜೋಡಿಸಿ ಓದಬಲ್ಲವು ಎಂದು 2016ರ ಅಧ್ಯಯನವೊಂದು ತೋರಿಸಿದೆ. ಮನೆಯಲ್ಲಿ ಪರೀಕ್ಷಿಸಬೇಕೆಂದರೆ ನಾಯಿ ಇಲ್ಲದಾಗ ನೀವೇ ಕಾಗದ ಹರಿದು ಹರಡಿ, ನಂತರ ನಾಯಿಯನ್ನು ಒಳಗೆ ಬಿಟ್ಟು, ಆಮೇಲೆ ನೀವು ಬನ್ನಿ. ಬೈಸಿಕೊಂಡ ಅನುಭವವಿರುವ ನಾಯಿ ತಾನು ಮಾಡದ ತಪ್ಪಿಗೂ ಮೈ ಕುಗ್ಗಿಸಬಹುದು. ಒಂದು ಸಲ ಸಾಕು, ಮತ್ತೆ ಮತ್ತೆ ಮಾಡಿ ಹಿಂಸಿಸಬೇಡಿ.

ಹುಬ್ಬಿನ ವಿಚಾರವೂ ಹೀಗೆಯೇ. ಒಳಹುಬ್ಬನ್ನು ಎತ್ತಿ ಕಣ್ಣನ್ನು ದೊಡ್ಡದಾಗಿ, ದುಃಖಭರಿತವಾಗಿ ಕಾಣಿಸುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಇಲ್ಲವೆನ್ನುವಷ್ಟು ಕ್ಷೀಣ ಎಂದು 2019ರ ಅಂಗರಚನಾ ಅಧ್ಯಯನ ತಿಳಿಸಿತು. ಮನುಷ್ಯ ತನ್ನತ್ತ ನೋಡುತ್ತಿರುವಾಗ ನಾಯಿ ಮುಖ ಕುಣಿಸುವುದು ಹೆಚ್ಚು ಎಂದು ಅದಕ್ಕೂ ಎರಡು ವರ್ಷ ಮೊದಲೇ ಗೊತ್ತಾಗಿತ್ತು. ಆದ್ದರಿಂದ ಹುಬ್ಬು ನೋಡಿ ದುಃಖ ಅಳೆಯಬೇಡಿ.

ಒಂಟಿಯಾದಾಗ

ಅಗಲಿಕೆಯ ಸಂಕಟವನ್ನು ಚೂರಾದ ವಸ್ತುಗಳಿಂದ ಗುರುತಿಸಲಾಗದು, ಕ್ಯಾಮೆರಾ ಬೇಕು. ಹೊರಡುವ ಹತ್ತು ನಿಮಿಷ ಮೊದಲೇ ಚಾಲೂ ಮಾಡಿ, ಮಾಮೂಲಿಯಾಗಿ ಹೊರಡಿ. ಮೊದಲ 30 ನಿಮಿಷವೇ ಮುಖ್ಯ. ಬಾಗಿಲು ಮುಚ್ಚಿದ ಸಮಯ, ಮೊದಲ ಊಳು ಅಥವಾ ಬೊಗಳು ಬಂದ ಸಮಯ, ಎಡಬಿಡದೆ ಅಡ್ಡಾಡಿದ ಹೊತ್ತು, ಜೊಲ್ಲು, ಇಟ್ಟುಹೋದ ತಿಂಡಿ ಮುಟ್ಟಿತೇ ಎಂಬುದನ್ನು ಬರೆದುಕೊಳ್ಳಿ. ಬೇಜಾರಿನ ಕಡಿತ ಸಾಮಾನ್ಯವಾಗಿ ಒಂದು ನಿದ್ದೆ ಮುಗಿದಮೇಲೆ ಸಡಿಲ ಮೈಯಲ್ಲಿ, ಸಿಕ್ಕಿದ್ದರ ಮೇಲೆ ನಡೆಯುತ್ತದೆ. ಸಂಕಟದ ಕಡಿತ ಕೆಲವೇ ನಿಮಿಷದಲ್ಲಿ ಶುರುವಾಗಿ ಬಾಗಿಲು, ಕಿಟಕಿಗಳ ಅಂಚಿಗೆ ಗುರಿಯಾಗುತ್ತದೆ.

ಸಂಕಟವೆಂದು ಖಾತ್ರಿಯಾದರೆ, ಮೊದಲ ಗುರುತು ಕಾಣಿಸಿದ ಸಮಯಕ್ಕಿಂತ ಕಡಿಮೆ ಹೊತ್ತು ಮಾತ್ರ ಹೊರಗಿರುವ ಅಭ್ಯಾಸದಿಂದ ತರಬೇತಿ ಆರಂಭಿಸಬೇಕು: 90 ಸೆಕೆಂಡಿಗೆ ಶುರುವಾಗುತ್ತಿದ್ದರೆ 60 ಸೆಕೆಂಡಿನಿಂದ. ಆ ವಾರಗಳಲ್ಲಿ ಉಳಿದ ಸಮಯ ಯಾರಾದರೂ ಜೊತೆಗಿರಬೇಕು. ಇದೊಂದನ್ನು ಬಿಟ್ಟದ್ದರಿಂದಲೇ ತರಬೇತಿ ಹಳಿ ತಪ್ಪುವುದು ಹೆಚ್ಚು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ, ಒಂದು ಮೂಲೆಯ ಬಟ್ಟಲಲ್ಲಿ ಸದಾ ಊಟ, ಇನ್ನೊಂದು ಮೂಲೆಯದರಲ್ಲಿ ಸದಾ ಖಾಲಿ ಎಂದು ನಾಯಿಗಳಿಗೆ ಕಲಿಸಿ, ಬಳಿಕ ನಡುವೆ ಬಟ್ಟಲಿಟ್ಟು ಎಷ್ಟು ಬೇಗ ಓಡುತ್ತವೆ ಎಂದು ನೋಡಿದರು. ಒಂಟಿಯಾದಾಗ ಹೆಚ್ಚು ಗೋಳಾಡುತ್ತಿದ್ದ ನಾಯಿಗಳು ಅಲ್ಲಿಗೆ ನಿಧಾನವಾಗಿ ಹೋದವು. ಕೆಟ್ಟದ್ದನ್ನೇ ನಿರೀಕ್ಷಿಸುವ ಮನಸ್ಥಿತಿ ಒಡೆಯರು ಮನೆಯಲ್ಲಿರುವಾಗಲೂ ಮುಂದುವರಿಯಬಹುದು ಎಂಬ ಸುಳಿವು ಅದು.

ಜೊತೆಗಾರ ಪ್ರಾಣಿ ಸತ್ತಮೇಲೆ ಮಂಕಾದ ನಾಯಿಯಲ್ಲಿ ಊಟ, ನಿದ್ದೆ, ಆಟ, ನಿಮ್ಮ ಹಿಂದೆ ಸುತ್ತುವುದು, ಈ ನಾಲ್ಕನ್ನು ದಿನವೂ ಬರೆದಿಡಿ. ಊಟ ಪೂರ್ತಿ ಬಿಟ್ಟು ಒಂದು ದಿನ ದಾಟಿದರೆ ಶೋಕವೆಂದು ಕಾಯಬೇಡಿ. ಬೆಕ್ಕಿನಲ್ಲಿ ಇನ್ನೂ ಅವಸರ, ಊಟ ಬಿಟ್ಟರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ.

ಬೇರೆ ಪ್ರಾಣಿಗಳಲ್ಲಿ

ಕ್ರಮ ಅದೇ, ಗುರುತುಗಳು ಬೇರೆ. ನಾಯಿಯ ನಿಘಂಟನ್ನು ಬೆಕ್ಕಿಗೆ ಹಚ್ಚಿದರೆ ಮೊದಲ ದಿನವೇ ಪರಚುಗಾಯ: ಪಟಪಟನೆ ಬಡಿಯುವ ಬೆಕ್ಕಿನ ಬಾಲ ಕಿರಿಕಿರಿಯದು. ಗುರ್ರೆನ್ನುವುದು ನೆಮ್ಮದಿಯಲ್ಲೂ ಇದೆ, ತೀವ್ರ ನೋವಿನಲ್ಲೂ ಇದೆ. ನೋವಿಗೆ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಮುಖದ ಮಾಪಕ ಬಳಸಿ: ಕಿವಿ, ಕಣ್ಣಿನ ಬಿಗಿತ, ಮೂತಿಯ ಬಿಗಿತ, ಮೀಸೆ, ತಲೆಯ ಎತ್ತರ, ಪ್ರತಿಯೊಂದಕ್ಕೂ 0ಯಿಂದ 2 ಅಂಕ. ಬೆಕ್ಕು ಎಚ್ಚರವಾಗಿದ್ದು, ತಿನ್ನುತ್ತಲೋ ನೆಕ್ಕಿಕೊಳ್ಳುತ್ತಲೋ ಇರದಾಗ ಮಾತ್ರ ಅಂಕ ಹಾಕಿ. ಒಟ್ಟು 10ಕ್ಕೆ 4 ಅಥವಾ ಹೆಚ್ಚು ಬಂದರೆ ನೋವುನಿವಾರಕ ಬೇಕಾಗಬಹುದು. ಔಷಧ ಪಶುವೈದ್ಯರೇ ಕೊಡಲಿ; ಮನುಷ್ಯರ ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುವುದನ್ನು ಬೆಕ್ಕಿನ ಎದುರು ನೀವೂ ಮಾಡಿ, ಹಲವು ಬೆಕ್ಕುಗಳು ಹಾಗೆಯೇ ಮರಳಿಸುತ್ತವೆ.

ಹಸುವಿನ ಕಣ್ಣಿನಲ್ಲಿ ಬಿಳಿ ಹೆಚ್ಚು ಕಂಡರೆ ಭಯ ಅಥವಾ ಹತಾಶೆ. ಕುದುರೆಯ ಕಿವಿ ಹಿಂದಕ್ಕೆ ಕತ್ತಿಗೆ ಅಂಟಿದರೆ ಹತ್ತಿರ ಹೋಗಬೇಡಿ. ಮೊಲ ಹಲ್ಲನ್ನು ಮೆಲ್ಲಗೆ ಕಟಕಟಿಸಿದರೆ ಹಾಯಾಗಿದೆ. ಜೋರಾಗಿ, ಮುದುರಿ ಕೂತು ಕಡಿದರೆ ನೋವಿನಲ್ಲಿದೆ. ಹಲ್ಲು ಕಿಸಿದ ಚಿಂಪಾಂಜಿ ಅನೇಕ ಸಲ ಹೆದರಿರುತ್ತದೆ. ಡಾಲ್ಫಿನ್ ನಗುವುದೇ ಇಲ್ಲ, ಅದರ ದವಡೆಯ ಆಕಾರವೇ ಹಾಗೆ; ಸತ್ತಾಗಲೂ ಆ ‘ನಗು’ ಹಾಗೇ ಇರುತ್ತದೆ.

ಮುಖವೇ ಅಲುಗದ ಪ್ರಾಣಿಗಳಲ್ಲಿ ಆಯ್ಕೆಯನ್ನು ನೋಡಬೇಕು. 2011ರ ಪ್ರಯೋಗವೊಂದರಲ್ಲಿ ಜೋರಾಗಿ ಅಲುಗಾಡಿಸಲ್ಪಟ್ಟ ಜೇನುಹುಳುಗಳು, ಸಿಹಿಯೋ ಕಹಿಯೋ ಎಂದು ಅನುಮಾನ ಹುಟ್ಟಿಸುವ ವಾಸನೆಗೆ ನಾಲಿಗೆ ಚಾಚುವುದನ್ನು ಕಡಿಮೆ ಮಾಡಿದವು. ಅದನ್ನು ಆತಂಕ ಎನ್ನಬೇಕೇ ಎಂಬ ವಾದ ನಡೆದೇ ಇದೆ. ಮನೆಯ ಅಕ್ವೇರಿಯಂನಲ್ಲಿ ಮೀನಿಗೆ ಅಡಗುವ ಜಾಗವೊಂದನ್ನು ಕೊಟ್ಟು, ದಿನದ ಒಂದೇ ಹೊತ್ತಿನಲ್ಲಿ ಹತ್ತು ನಿಮಿಷ ದೂರದಿಂದ ನೋಡಿ: ಎಷ್ಟು ಹೊತ್ತು ಒಳಗೆ, ಎಷ್ಟು ಹೊತ್ತು ಹೊರಗೆ, ಕಿವಿರಿನ ಬಡಿತ ನಿಮಿಷಕ್ಕೆ ಎಷ್ಟು, ರೆಕ್ಕೆ ಬಿಡಿಸಿದೆಯೋ ಮಡಚಿದೆಯೋ. ಬಡಿತ ಏರಿ, ರೆಕ್ಕೆ ಮಡಚಿ, ಬಣ್ಣ ಮಂಕಾಗಿದ್ದರೆ ಮೊದಲು ನೀರಿನ ಅಮೋನಿಯಾ ಮತ್ತು ಉಷ್ಣತೆ ಪರೀಕ್ಷಿಸಿ.